ಹ್ಯಾಂಡಿಕ್ಯಾಪರ್ ನಾಣಿಯವರ ಮೂರು ನಿಮಿಷ

ನಾಣಿಯವರಿಗೆ ಈಜು ಬರುವುದಿಲ್ಲ. ದೋಣಿಯಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆ. ಸಮುದ್ರದ ಗಾಳಿ ತಾಗಿದರೆ ಮೂಗು ಕಟ್ಟುತ್ತದೆ. ಇಷ್ಟೆಲ್ಲ ಅರ್ಹತೆಗಳ ಬಲದ ಮೇಲೆ ಅವರು ಮುಂಬಯಿಯ ಶಿವಡಿಯಲ್ಲಿರುವ ಒಂದು ಪುಟ್ಟ ಹಾಯಿದೋಣಿ ಕ್ಲಬ್ಬಿನಲ್ಲಿ ಹನ್ನೊಂದು ವರ್ಷದಿಂದ ಗೌರವ ಹ್ಯಾಂಡಿಕ್ಯಾಪರ್ ಆಗಿದ್ದಾರೆ.

ಅವರು ಅಲ್ಲಿಗೆ ಹೋದದ್ದು ಊಟಕ್ಕೆ. ಪರೇಲಿನ ಕಂಪನಿಯೊಂದರಲ್ಲಿ ನಾಣಿಯವರದು ಸಿಬ್ಬಂದಿಯ ಸೀನಿಯಾರಿಟಿ ಪಟ್ಟಿ ತಯಾರಿಸುವ ಕೆಲಸ. ಯಾರು ಯಾರಿಗಿಂತ ಎಷ್ಟು ದಿನ ಹಿರಿಯರು, ಯಾರ ಇನ್‌ಕ್ರಿಮೆಂಟು ಯಾವ ತಿಂಗಳಲ್ಲಿ ಬೀಳಬೇಕು ಎಂಬುದನ್ನು ಅವರು ಮೈಸೂರಿನಿಂದ ಬಂದ ದಿನದಿಂದ ಮೂವತ್ತೊಂದು ವರ್ಷ ನಿರ್ಧರಿಸಿದ್ದಾರೆ. ಅವರ ಸಾಹೇಬರೊಬ್ಬರು ಆ ಕ್ಲಬ್ಬಿನ ಸದಸ್ಯರು. ಒಂದು ಭಾನುವಾರ ಊಟಕ್ಕೆ ಕರೆದುಕೊಂಡು ಹೋದರು. ಉಳಿದ ಅತಿಥಿಗಳು ಸಮುದ್ರ ನೋಡಿದರು. ನಾಣಿಯವರು ಗೋಡೆಯ ಮೇಲೆ ಅಂಟಿಸಿದ್ದ ಹಿಂದಿನ ವಾರದ ರೇಸಿನ ಫಲಿತಾಂಶ ನೋಡಿದರು. ಭಾಗಾಕಾರದಲ್ಲಿ ತಪ್ಪಾಗಿ ನಾಲ್ಕನೆಯವನು ಐದನೆಯವನಾಗಿದ್ದ. ನಾಣಿಯವರು ಜೇಬಿನಿಂದ ಪೆನ್ನು ತೆಗೆದರು. ಅಲ್ಲಿಗೆ ಊಟ ನಿಂತಿತು, ಸೇವೆ ಶುರುವಾಯಿತು.

ಈ ಹ್ಯಾಂಡಿಕ್ಯಾಪ್ ಎಂದರೇನೆಂದು ತಿಳಿಯದವರಿಗೆ ಒಂದು ಮಾತು. ಕ್ಲಬ್ಬಿನಲ್ಲಿ ಏಳು ಹಾಯಿದೋಣಿಗಳಿವೆ, ಒಂದರಂತೆ ಇನ್ನೊಂದಿಲ್ಲ. ಹಿತೇಶ್ ಭಾಯಿಯ ‘ತೂಫಾನ್’ ಹೊಸದು, ಹಗುರ, ಗಾಳಿ ಸೀನಿದರೆ ಸಾಕು ಓಡುತ್ತದೆ. ಪ್ರಫುಲ್ಲಾ ಅವರ ‘ಪದ್ಮಿನಿ’ ಮರದ್ದು. ಹಳೆಯ ಕಪ್ಪು-ಹಳದಿ ಟ್ಯಾಕ್ಸಿಯ ಹೆಸರು, ಅದರದೇ ತೂಕ, ಅದರದೇ ಗಾಂಭೀರ್ಯ. ಇವೆರಡನ್ನೂ ಒಟ್ಟಿಗೆ ಓಡಿಸಿ ಮೊದಲು ಬಂದವರಿಗೆ ಬಹುಮಾನದ ಕಪ್ಪು ಕೊಟ್ಟರೆ ವರ್ಷವಿಡೀ ಕಪ್ಪು ಹಿತೇಶ್ ಭಾಯಿಯ ಶೋಕೇಸಿನಲ್ಲೇ ಇರುತ್ತದೆ. ಆದ್ದರಿಂದ ದೋಣಿಯ ಯೋಗ್ಯತೆಗೆ ತಕ್ಕಂತೆ ಒಂದೊಂದಕ್ಕೆ ಒಂದೊಂದು ಅಂಕಿ. ದೋಣಿ ತೆಗೆದುಕೊಂಡ ಸಮಯವನ್ನು ಆ ಅಂಕಿಯಿಂದ ಭಾಗಿಸಿದರೆ ನಿಜವಾಗಿ ಗೆದ್ದವರು ಯಾರೆಂದು ತಿಳಿಯುತ್ತದೆ. ತಿಳಿದ ಮೇಲೆ ಜಗಳ.

ಆ ಜಗಳಕ್ಕೂ ಒಂದು ಶಿಸ್ತು ಇರಲೆಂದು ನಾಣಿಯವರು ಹನ್ನೊಂದು ಕಾಲಮ್ಮಿನ ತಕರಾರು ಅರ್ಜಿಯೊಂದನ್ನು ರೂಪಿಸಿದ್ದರು. ‘ಸ್ವೀಕರಿಸಲಾಗಿದೆ’ ಎಂಬ ರಬ್ಬರ್ ಸ್ಟಾಂಪನ್ನೂ ಮಾಡಿಸಿದ್ದರು. ರೇಸು ಮುಗಿದ ಮೇಲೆ ನಲವತ್ತು ನಿಮಿಷ ಅವರು ಒಳಕೋಣೆಯಲ್ಲಿ ಭಾಗಿಸುತ್ತಿದ್ದರು. ಹೊರಗೆ ವರಾಂಡದಲ್ಲಿ ವಕೀಲರು, ಡಾಕ್ಟರುಗಳು, ಅಂಧೇರಿಯ ಒಬ್ಬ ಸಿನಿಮಾ ನಿರ್ಮಾಪಕರು ಸಹ, ಒದ್ದೆ ಚಡ್ಡಿಯಲ್ಲಿ ಕಾಯುತ್ತಿದ್ದರು. ಬಾಗಿಲು ತೆರೆದು ಕಾಗದ ಹಿಡಿದು ಅವರು ಹೊರಬರುವ ಆ ಕ್ಷಣದಲ್ಲಿ ಪೂರ್ತಿ ವರಾಂಡ ಮೌನವಾಗುತ್ತಿತ್ತು. ವಿಲೆ ಪಾರ್ಲೆಯ ಅವರ ಮನೆಯಲ್ಲಿ ಮೂವತ್ತು ವರ್ಷದಲ್ಲಿ ಒಮ್ಮೆಯೂ ಅಂಥ ಮೌನ ಅವರಿಗೆ ದೊರೆತಿರಲಿಲ್ಲ.

ಆದರೆ ನಾಣಿಯವರಿಗೆ ಬೇಕಾಗಿದ್ದದ್ದು ಬೇರೆ. ವರಾಂಡದ ಗೋಡೆಯಲ್ಲಿ ತೇಗದ ಹಲಗೆಯೊಂದಿದೆ. ಅದರಲ್ಲಿ ಕ್ಲಬ್ಬಿನ ಪದಾಧಿಕಾರಿಗಳ ಹೆಸರುಗಳು ಚಿನ್ನದ ಬಣ್ಣದಲ್ಲಿವೆ. ಅಧ್ಯಕ್ಷರು, ಕಾರ್ಯದರ್ಶಿಗಳು, ಒಂದು ಮಳೆಗಾಲ ಮಾತ್ರ ಇದ್ದು ಹೋದ ಒಬ್ಬ ಉಪಾಧ್ಯಕ್ಷರು ಕೂಡ. ಹ್ಯಾಂಡಿಕ್ಯಾಪರ್‌ಗೆ ಅಲ್ಲಿ ಸಾಲಿಲ್ಲ. ನಾಣಿಯವರು ಮೂರು ಸಲ ವಿನಯದಿಂದ, ನಾಲ್ಕನೇ ಸಲ ಲಿಖಿತವಾಗಿ ಕೇಳಿದ ಮೇಲೆ ಕ್ಲಬ್ಬಿನ ಅಧ್ಯಕ್ಷರು ಒಂದು ಮಾತು ಕೊಟ್ಟರು. ವಾರ್ಷಿಕ ಕಪ್ಪಿನ ರೇಸು ಒಂದೇ ಒಂದು ತಕರಾರಿಲ್ಲದೆ ಮುಗಿದ ವರ್ಷ ಅವರ ಹೆಸರು ಹಲಗೆಗೆ ಏರುತ್ತದೆ. ಕ್ಲಬ್ಬಿನ ಇತಿಹಾಸದಲ್ಲಿ ಅಂಥ ವರ್ಷ ಬಂದಿರಲಿಲ್ಲ ಎಂಬುದು ಅಧ್ಯಕ್ಷರಿಗೂ ಗೊತ್ತಿತ್ತು.

ನಾಣಿಯವರು ನ್ಯಾಯದ ಹುಡುಕಾಟಕ್ಕೆ ಇಳಿದರು.

ಮೊದಲು ಇಂಗ್ಲೆಂಡಿನ ಪಟ್ಟಿಯನ್ನು ನಂಬಿದರು. ಅದರಲ್ಲಿ ಲೋಕದ ದೋಣಿಗಳಿಗೆಲ್ಲ ಅಂಕಿಗಳಿದ್ದವು, ಪದ್ಮಿನಿಗೆ ಇರಲಿಲ್ಲ. ಅದನ್ನು ಕಟ್ಟಿದ ವರ್ಸೋವಾದ ಬಡಗಿಯ ಹೆಸರನ್ನು ಇಂಗ್ಲೆಂಡಿನವರು ಕೇಳಿರಲಿಲ್ಲ. ಎರಡನೇ ವರ್ಷ ಟೇಪು ಹಿಡಿದು ಅಳೆದರು. ಅಳತೆಯ ದಿನ ಹಿತೇಶ್ ಭಾಯಿ ತನ್ನ ಹಾಯಿಯನ್ನು ನೀರಲ್ಲಿ ನೆನೆಸಿ ತಂದಿದ್ದ, ಕುಗ್ಗುತ್ತದೆಂದು. ಇನ್ನೊಬ್ಬರು ದೋಣಿಯೊಳಗೆ ಎರಡು ಮೂಟೆ ಮರಳು ಇಟ್ಟು ಮೇಲೆ ಚಾದರ ಹೊದಿಸಿದ್ದರು. ಮೂರನೇ ವರ್ಷ ನಾಣಿಯವರಿಗೆ ತಮ್ಮ ಆಫೀಸೇ ನೆನಪಾಯಿತು. ದೋಣಿಗಳಿಗೂ ವೇತನ ಆಯೋಗದಂತೆ ಮಾಡಿದರೆ? ಪ್ರತಿ ದೋಣಿಗೊಂದು ಮೂಲ ಅಂಕಿ, ವಯಸ್ಸಿಗೊಂದು ಭತ್ಯೆ, ತಳಕ್ಕೆ ಅಂಟಿದ ಪಾಚಿಗೊಂದು ಭತ್ಯೆ, ಜೊತೆಗೆ ಕಪ್ಪಿನ ಮುಂಚಿನ ಮೂರು ರೇಸುಗಳ ಸಾಧನೆ ನೋಡಿ ಪರಿಷ್ಕರಣೆ. ನಿಧಾನ ಬಂದವರಿಗೆ ಅನುಕೂಲ, ಬೇಗ ಬಂದವರಿಗೆ ಕಡಿತ. ಸುತ್ತೋಲೆ ಆರು ಪುಟ ಬಂತು.

ಆಫೀಸಿನಲ್ಲಿ ಮುಂದಿನ ವರ್ಷದ ಗುರಿ ಏರಿಸುತ್ತಾರೆಂದು ಗೊತ್ತಾದರೆ ಈ ವರ್ಷ ಯಾರೂ ಮೈಮುರಿದು ದುಡಿಯುವುದಿಲ್ಲ. ಮೂವತ್ತೊಂದು ವರ್ಷ ಅದನ್ನು ಕಣ್ಣಾರೆ ಕಂಡಿದ್ದ ನಾಣಿಯವರಿಗೆ ಅದೊಂದು ಮಾತ್ರ ಹೊಳೆಯಲಿಲ್ಲ.

ಪರಿಷ್ಕರಣೆಗೆ ಮುಂಚಿನ ಕೊನೆಯ ರೇಸಿನ ದಿನ ಒಳ್ಳೆಯ ಗಾಳಿ. ಏಳು ದೋಣಿಗಳು ಹೊರಟವು, ದೂರದಲ್ಲಿ ಗುರುತಿಗೆ ತೇಲಿಬಿಟ್ಟ ಕೆಂಪು ಪೀಪಾಯಿಯನ್ನು ಸುತ್ತಿದವು, ವಾಪಸು ಬಂದು ಫಿನಿಶ್ ಲೈನಿಗೆ ಕೂಗಳತೆ ದೂರದಲ್ಲಿ ಆರು ನಿಂತುಬಿಟ್ಟವು. ಡಾಕ್ಟರು ವಕೀಲರಿಗೆ ಮೊದಲು ನೀವು ಎಂದರು, ವಕೀಲರು ಛೆ ಛೆ ನೀವು ಎಂದರು. ಹಿತೇಶ್ ಭಾಯಿ ಹಾಯಿ ಇಳಿಸಿ, ಅದು ಹರಿದಿದೆಯೆಂದು ಘೋಷಿಸಿ, ಫ್ಲಾಸ್ಕಿನಿಂದ ನಿಂಬೂಪಾನಿ ಬಗ್ಗಿಸಿಕೊಂಡ. ಪರೇಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಪ್ರಫುಲ್ಲಾ ಅವರಿಗೆ ಸಂಜೆಯ ಡ್ಯೂಟಿ ಇತ್ತು. ಅವರು ಯಾರನ್ನೂ ನೋಡದೆ ಪದ್ಮಿನಿಯನ್ನು ಸೀದಾ ತಂದು ನಿಲ್ಲಿಸಿದರು. ಜೀವಮಾನದಲ್ಲಿ ಮೊದಲ ಸಲ ಮೊದಲು ಬಂದರು. ತತ್ಫಲವಾಗಿ ಅವರ ಅಂಕಿ ಕೆಟ್ಟಿತು.

“ಅಲ್ಲ ಸರ್,” ಎಂದರು ಪ್ರಫುಲ್ಲಾ, ಮಂಗಳೂರಿನ ನಿಧಾನದಲ್ಲಿ, “ಡ್ಯೂಟಿಗೆ ಲೇಟಾಗ್ತದೆ ಅಂತ ಬೇಗ ಬಂದದ್ದಕ್ಕೆ ಶಿಕ್ಷೆಯಾ?”

ನಾಣಿಯವರು ಸುತ್ತೋಲೆಯ ನಾಲ್ಕನೇ ಪುಟ ತೋರಿಸಿದರು. ಅಷ್ಟರಲ್ಲಿ ಇಳಿತ ಶುರುವಾಯಿತು. ಶಿವಡಿಯಲ್ಲಿ ನೀರು ಇಳಿದರೆ ಉಳಿಯುವುದು ಕೆಸರು ಮಾತ್ರ. ಆರು ದೋಣಿಗಳು ಅದರಲ್ಲಿ ಕೂತವು. ಮುಂಬಯಿಯ ಆರು ಗಣ್ಯರು ಮೊಣಕಾಲ ಕೆಸರಿನಲ್ಲಿ, ಫ್ಲೆಮಿಂಗೊ ಹಕ್ಕಿಗಳ ನಡುವೆ, ಅವುಗಳಷ್ಟು ಚಂದವಾಗಿ ಅಲ್ಲದಿದ್ದರೂ ಕಾಲೆತ್ತಿ ಇಡುತ್ತ ದೋಣಿ ಎಳೆದು ತಂದರು.

ಇದನ್ನೆಲ್ಲ ಮೇಲಿನ ಕ್ಯಾಂಟೀನಿನ ಬಾಲ್ಕನಿಯಿಂದ ನೋಡುತ್ತಿದ್ದವನು ಸುಕೇಶ್. ಉಡುಪಿಯ ಕಡೆಯವನು, ಕ್ಯಾಂಟೀನು ಅವನದೇ. ಆರಿ ಹೋದ ಚಹವನ್ನು ಮತ್ತೆ ಕಾಯಿಸುತ್ತ ಅವನು ಮೇಲೆ ಬಂದ ನಾಣಿಯವರ ಮುಂದೆ ಒಂದು ಪ್ಲೇಟು ಇಡ್ಲಿ ಇಟ್ಟ.

“ಒಂದು ಟೇಬಲಿಗೆ ಇಡ್ಲಿ, ಮಸಾಲೆ, ರವೆ ದೋಸೆ ಮೂರೂ ಆರ್ಡರ್ ಬಂತು ಅಂತ ಇಟ್ಕೊಳ್ಳಿ ಸರ್. ಮೂರೂ ಒಟ್ಟಿಗೆ ಹೋಗ್ಬೇಕು. ನಾನೆಂತ ಮಾಡ್ತೇನೆ? ರವೆ ದೋಸೆ ಮೊದಲು ಕಾವಲಿಗೆ ಹಾಕ್ತೇನೆ, ಅದು ನಿಧಾನ. ಇಡ್ಲಿ ಕಡೆಗೆ ತೆಗೀತೇನೆ. ನೀವು ಎಲ್ಲ ಒಟ್ಟಿಗೆ ಒಲೆ ಮೇಲಿಟ್ಟು, ತಿಂದು ಕೈ ತೊಳೆದ ಮೇಲೆ ಯಾವುದು ಮೊದಲು ಬೆಂದದ್ದು ಅಂತ ಭಾಗಿಸ್ಲಿಕ್ಕೆ ಕೂತ್ಕೊಳ್ತೀರಿ ಮಾರಾಯ್ರೆ.”

ನಾಣಿಯವರ ಕೈಯಲ್ಲಿದ್ದ ಇಡ್ಲಿ ಚಟ್ನಿಯ ಮೇಲೆ ಅರ್ಧ ದಾರಿಯಲ್ಲಿ ನಿಂತಿತು. ನಿಧಾನದ ದೋಣಿ ಮೊದಲು ಹೊರಡಲಿ, ವೇಗದ್ದು ಕೊನೆಗೆ. ಯಾರ ದೋಣಿಯ ಮೂತಿ ಮೊದಲು ಗೆರೆ ದಾಟಿತೋ ಅವರೇ ಗೆದ್ದವರು. ಭಾಗಾಕಾರ ಬೇಡ, ಕಾಗದ ಬೇಡ, ಬೇಕೆಂದು ತಡಮಾಡಿದರೆ ತಡಮಾಡಿದವರಿಗೇ ನಷ್ಟ. ಇದಕ್ಕಿಂತ ನ್ಯಾಯವಾದದ್ದಿಲ್ಲ ಎಂದು ಅವರಿಗೆ ತಕ್ಷಣ ಗೊತ್ತಾಯಿತು. ಒಳಕೋಣೆಯ ನಲವತ್ತು ನಿಮಿಷ, ಬಾಗಿಲು ತೆರೆದಾಗಿನ ಮೌನ ಎರಡೂ ಇನ್ನು ಇರುವುದಿಲ್ಲವೆಂಬುದೂ ಗೊತ್ತಾಯಿತು. ಅವರು ಒಂದು ವಾರ ಸುಮ್ಮನಿದ್ದರು. ಕೊನೆಗೆ ತೇಗದ ಹಲಗೆಯೇ ಗೆದ್ದಿತು.

ಹತ್ತು ವರ್ಷದ ಹಳೆಯ ಫಲಿತಾಂಶಗಳನ್ನು ತೆಗೆದು, ಕೆಸರಿನ ವರ್ಷವನ್ನು ಬಿಟ್ಟು, ಯಾವ ದೋಣಿಗೆ ಸರಾಸರಿ ಎಷ್ಟು ಸಮಯ ಬೇಕೆಂದು ಲೆಕ್ಕ ಹಾಕಿದರು. ಪದ್ಮಿನಿ ಮೂರು ಗಂಟೆಗೆ ಹೊರಡತಕ್ಕದ್ದು, ತೂಫಾನ್ ಮೂರು ಮೂವತ್ತೊಂದಕ್ಕೆ, ಉಳಿದವು ನಡುವೆ. ಈ ಪದ್ಧತಿಗೆ ನಾಣಿಯವರು ‘ಹಿಮ್ಮುಖ ಕಾಲಸಮನ್ವಯ’ ಎಂದು ನಾಮಕರಣ ಮಾಡಿ ಸುತ್ತೋಲೆ ಹೊರಡಿಸಿದರು. ಕ್ಲಬ್ಬಿನವರೆಲ್ಲ ಅದನ್ನು ರವೆ ದೋಸೆ ಸಿಸ್ಟಮ್ ಎಂದು ಕರೆದರು. ಸುತ್ತೋಲೆಯ ಕೊನೆಯ ನಿಯಮ ಹೀಗಿತ್ತು: ಮೊಬೈಲು, ಕೈಗಡಿಯಾರ ಯಾವುದನ್ನೂ ಪರಿಗಣಿಸಲಾಗುವುದಿಲ್ಲ, ಅಧಿಕೃತ ಹ್ಯಾಂಡಿಕ್ಯಾಪರ್ ಬಾವುಟ ಬೀಸಿದ ಸಮಯವೇ ಸಮಯ.

ಕಪ್ಪಿನ ದಿನ ನಾಣಿಯವರು ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ಹಾರ್ಬರ್ ಲೈನಿನ ಲೋಕಲ್ ಹಿಡಿದು, ಒಂದು ಗಂಟೆಗೇ ಬಂದರು. ಎರಡೂ ಮುಕ್ಕಾಲಿನ ಹೊತ್ತಿಗೆ ಸುಕೇಶ್ ಬಿಸಿ ಗೋಳಿಬಜೆ ಕೊಟ್ಟ. ಅದನ್ನು ತಿನ್ನುತ್ತ ಬಾಲ್ಕನಿಯಲ್ಲಿ ನಿಂತಿದ್ದಾಗ ಕ್ಯಾಂಟೀನಿನ ಗೋಡೆ ಗಡಿಯಾರ ಮೂರು ತೋರಿಸಿತು. ಒಂದು ಕೈಯಲ್ಲಿ ಎಣ್ಣೆ, ಇನ್ನೊಂದರಲ್ಲಿ ಬಾವುಟ, ವಾಚು ಗುಂಡಿ ಹಾಕಿದ ತೋಳಿನೊಳಗೆ. ನಾಣಿಯವರು ಅಲ್ಲಿಂದಲೇ ಬಾವುಟ ಬೀಸಿದರು. ಪದ್ಮಿನಿ ಹೊರಟಿತು. ಆಮೇಲೆ ಕೈ ತೊಳೆದು, ತೋಳು ಮಡಚಿ, ಜೆಟ್ಟಿಯ ತುದಿಗೆ ಹೋಗಿ ನಿಂತು, ವಾಚು ನೋಡುತ್ತ ಉಳಿದ ಆರನ್ನು ಒಂದೊಂದಾಗಿ ಬಿಟ್ಟರು.

ಆ ಸಂಜೆಯಂಥ ಸಂಜೆಯನ್ನು ಕ್ಲಬ್ಬು ಕಂಡಿರಲಿಲ್ಲ. ದೂರದ ಉದ್ದ ಸೇತುವೆಯ ಕೆಳಗಿನಿಂದ ಏಳು ಹಾಯಿಗಳೂ ಒಂದೇ ಗುಂಪಾಗಿ ಬಂದವು. ವರಾಂಡದಲ್ಲಿದ್ದವರು ಎದ್ದು ನಿಂತರು. ರೇಸಿನ ಕೊನೆಯನ್ನು ನೋಡಬಹುದು ಎಂಬುದೇ ಅವರಿಗೆ ಹೊಸ ಸಂಗತಿಯಾಗಿತ್ತು. ಪದ್ಮಿನಿ ಮೊದಲು ಗೆರೆ ದಾಟಿತು. ತೂಫಾನ್ ಒಂದು ನಿಮಿಷ ಹಿಂದೆ. ಯಾರೂ ಅರ್ಜಿ ಕೇಳಲಿಲ್ಲ. ಹಿತೇಶ್ ಭಾಯಿಯೇ ಬಂದು ನಾಣಿಯವರ ಕೈ ಕುಲುಕಿ, ಇಷ್ಟು ವರ್ಷ ಕಾಗದದಲ್ಲಿ ಸೋಲುತ್ತಿದ್ದೆ, ಇವತ್ತು ಕಣ್ಣಾರೆ ಸೋತೆ, ಎಷ್ಟೋ ನೆಮ್ಮದಿ ಎಂದ. ಅಧ್ಯಕ್ಷರು ಬುಧವಾರ ಪೇಂಟರನ್ನು ಕರೆಸುವುದಾಗಿ ಹೇಳಿ, ಹೆಸರಿನ ಮುಂದೆ ಇನಿಷಿಯಲ್ ಒಂದೋ ಎರಡೋ ಎಂದು ಕೇಳಿದರು. ನಾಣಿಯವರು ಎರಡು ಎಂದರು. ಯೋಚಿಸಿ, ಮೂರು ಎಂದರು.

ಮೂರು ಇನಿಷಿಯಲ್ಲುಗಳ ಸುಖದಲ್ಲಿ ಅವರು ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದಾಗ, ಪಕ್ಕದ ಮೇಜಿನ ವಕೀಲರು ಗೋಡೆ ಗಡಿಯಾರ ನೋಡಿ ಗಾಬರಿಯಿಂದ ಎದ್ದರು, ಐದು ಐವತ್ತೆರಡರ ಲೋಕಲ್ ತಪ್ಪುತ್ತದೆಂದು. ಸುಕೇಶ್ ಅವರನ್ನು ಹಿಂದಿಯಲ್ಲಿ ಸಮಾಧಾನಪಡಿಸಿ ಕೂರಿಸಿದ. ನಾಣಿಯವರು ಏನೆಂದು ಕೇಳಿದರು.

“ಎಂತ ಇಲ್ಲ ಸರ್. ನಮ್ಮ ಗಡಿಯಾರ ಏಳು ನಿಮಿಷ ಮುಂದೆ ಉಂಟಲ್ಲ. ಜನಕ್ಕೆ ಟ್ರೇನು ಸಿಗ್ಲಿ ಅಂತ ನಾನೇ ಇಟ್ಟದ್ದು.”

ನಾಣಿಯವರು ನಕ್ಕರು. ಅವರ ಕೈಗಡಿಯಾರವೂ ನಾಲ್ಕು ನಿಮಿಷ ಮುಂದೆಯೇ ಇರುತ್ತದೆ. ಪಾರ್ಲೆಯಿಂದ ಎಂಟು ಇಪ್ಪತ್ತೊಂದನ್ನು ಹಿಡಿಯುವ ಯಾವ ಸಂಸಾರಸ್ಥನ ವಾಚು ಸರಿಯಾಗಿರುತ್ತದೆ? ಏಳು, ನಾಲ್ಕು. ಕಳೆಯಬೇಡವೆಂದರೂ ಅವರ ತಲೆ ಕಳೆಯಿತು. ಪದ್ಮಿನಿಯನ್ನು ಬಿಟ್ಟದ್ದು ಗೋಡೆಯ ಗಡಿಯಾರದಲ್ಲಿ. ಮಿಕ್ಕವರನ್ನು ಬಿಟ್ಟದ್ದು ಕೈಯ ಗಡಿಯಾರದಲ್ಲಿ. ಪದ್ಮಿನಿಗೆ ಮೂರು ನಿಮಿಷ ಹೆಚ್ಚು ಸಿಕ್ಕಿತು, ಗೆದ್ದದ್ದು ಒಂದು ನಿಮಿಷದಲ್ಲಿ. ಕಾಫಿಯ ಉಳಿದರ್ಧ ಅವರು ಕುಡಿಯಲಿಲ್ಲ.

ಮನೆಯಲ್ಲಿ ಹೆಂಡತಿ ಸರಸ್ವತಿ ಹುರುಳಿಕಾಯಿ ಸೋಸುತ್ತ ಎಲ್ಲ ಕೇಳಿದರು. ಈ ವಿಷಯ ಭೂಮಿಯ ಮೇಲೆ ತಮ್ಮೊಬ್ಬರಿಗೆ ಮಾತ್ರ ಗೊತ್ತು ಎಂದು ನಾಣಿಯವರು ಎರಡು ಸಲ ಹೇಳಿದರು. ಮೂರು ನಿಮಿಷ ದೊಡ್ಡದೇನಲ್ಲ, ಗಾಳಿ ಹೆಚ್ಚು ಕಡಿಮೆಯಾದರೂ ಅಷ್ಟಾಗುತ್ತದೆ ಎಂದೂ ಹೇಳಿದರು. ಅಧ್ಯಕ್ಷರು ಈಗಾಗಲೇ ಪೇಂಟರಿಗೆ ಫೋನು ಮಾಡಿರಬಹುದು ಎಂಬುದನ್ನು ವಿಶೇಷವಾಗಿ ಹೇಳಿದರು.

“ಬರೆಸಿಕೊಳ್ಳಿ, ನಾನೇನು ಬೇಡ ಅಂದ್ನಾ,” ಎಂದರು ಸರಸ್ವತಿ. “ಯಾರದೋ ಸೀನಿಯಾರಿಟೀಲಿ ಒಂದು ದಿನ ತಪ್ಪಾಗಿದೆ ಅಂತ ನಮ್ಮ ಮದುವೆ ರಿಸೆಪ್ಷನ್ನಿಂದ ಎದ್ದು ಆಫೀಸಿಗೆ ಹೋದೋರು ನೀವು. ಆ ಹಲಗೆ ಮೇಲೆ ಏನೇ ಬರೆಸಿ, ನಿಮ್ಮ ಕಣ್ಣಿಗೆ ಅದು ಮೂರು ನಿಮಿಷ ಅಂತಲೇ ಕಾಣತ್ತೆ.”

ನಾಣಿಯವರು ಸೋಮವಾರ ಯೋಚಿಸಿದರು. ಮಂಗಳವಾರ, ಯೋಚಿಸುವುದಿಲ್ಲ ಎಂದುಕೊಂಡು ಯೋಚಿಸಿದರು. ಬುಧವಾರ ಅರ್ಧ ದಿನ ರಜೆ ಹಾಕಿ ಶಿವಡಿಗೆ ಹೋದರು.

ಪೇಂಟರು ಆಗಲೇ ಸ್ಟೂಲಿನ ಮೇಲಿದ್ದ. ತೇಗದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಮಗೆರೆ ಎಳೆದು, ಮೂರು ಇನಿಷಿಯಲ್ಲುಗಳನ್ನು ಎಣಿಸಿ ಜಾಗ ಬಿಟ್ಟು, ಚಿನ್ನದ ಡಬ್ಬಿ ತೆರೆದಿದ್ದ. ಇಳಿಬಿಸಿಲು ಅದರ ಮೇಲೆ ಬಿದ್ದು ಹೊಳೆಯುತ್ತಿತ್ತು. ನಾಣಿಯವರು ಆ ಡಬ್ಬಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ‘ಥೋಡಾ ರುಕೋ ಭಾಯಿ’ ಎಂದು ಒಳಕೋಣೆಗೆ ಹೋಗಿ ಹನ್ನೊಂದು ಕಾಲಮ್ಮಿನ ಅರ್ಜಿ ತೆಗೆದರು. ತಕರಾರು ಸಲ್ಲಿಸುವವರು ಎಂಬಲ್ಲಿ ತಮ್ಮ ಹೆಸರು ಬರೆದರು. ಯಾರ ವಿರುದ್ಧ ಎಂಬಲ್ಲಿಯೂ ತಮ್ಮ ಹೆಸರು ಬರೆದರು. ವಿವರದ ಕಾಲಮ್ಮಿನಲ್ಲಿ ಗೋಳಿಬಜೆಯನ್ನೂ ಬಿಡದೆ ಎಲ್ಲ ಬರೆದರು. ಮೇಜಿನ ಈ ಕಡೆಯಿಂದ ಅರ್ಜಿ ಕೊಟ್ಟು, ಆ ಕಡೆಗೆ ಹೋಗಿ ಕೂತು, ‘ಸ್ವೀಕರಿಸಲಾಗಿದೆ’ ಎಂದು ಸ್ಟಾಂಪು ಹಾಕಿದರು.

ಪ್ರಫುಲ್ಲಾ ಡ್ಯೂಟಿ ಮುಗಿಸಿ ಪದ್ಮಿನಿಯ ಹಗ್ಗ ನೋಡಲು ಬಂದಿದ್ದರು. ಅವರಿಗೆ ಹೇಳುವುದೇ ಕಷ್ಟದ ಕೆಲಸವಾಗಿತ್ತು. ನಾಣಿಯವರು ಪೀಠಿಕೆಯನ್ನೇ ಐದು ನಿಮಿಷ ಮಾಡಿದರು. ಪ್ರಫುಲ್ಲಾ ಕೇಳಿ, ಹಗ್ಗ ಕೆಳಗಿಟ್ಟರು.

“ಪೀಪಾಯಿ ಸುತ್ತುವಾಗ ಹಿಂದೆ ಯಾರೂ ಇರ್ಲಿಲ್ಲ ಸರ್. ಆಗಲೇ ನಂಗೆ ಡೌಟು ಬಂದಿತ್ತು, ಪದ್ಮಿನಿ ಅಷ್ಟು ಒಳ್ಳೆಯವಳಲ್ಲ ಅಂತ.” ಆಮೇಲೆ ನಕ್ಕರು. “ಕಪ್ ಮೂರು ದಿನ ಮನೆಯಲ್ಲಿತ್ತಲ್ಲ. ಅಮ್ಮ ಅದರೊಳಗೆ ಮಲ್ಲಿಗೆ ಇಟ್ಟು, ಫೋಟೊ ತೆಗೆದು, ಊರಿಗೆಲ್ಲ ಕಳಿಸಿ ಆಯ್ತು. ಆ ಫೋಟೊವನ್ನಿನ್ನು ಯಾರೂ ವಾಪಸ್ ಕೇಳ್ಲಿಕ್ಕಾಗುದಿಲ್ಲ. ಇನ್ನೊಂದು ರೇಸ್ ಇಡಿ ಸರ್. ಒಂದೇ ಗಡಿಯಾರದಲ್ಲಿ.”

ಅಧ್ಯಕ್ಷರು ಅರ್ಜಿಯನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿದರು. ತಕರಾರು ಎಂದರೆ ತಕರಾರೇ, ಅದು ಯಾರದಾದರೂ ಸರಿ ಎಂದರು. ರೇಸು ಮತ್ತೆ ನಡೆಯಲಿ; ಹಲಗೆಯ ವಿಚಾರ ಮುಂದಿನ ವರ್ಷ. ಪೇಂಟರು ಸೀಮೆಸುಣ್ಣದ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ. ತೆರೆದ ಚಿನ್ನದ ಬಣ್ಣ ಒಣಗಿ ಹಾಳಾಗುತ್ತದೆಂದು ಅವನು ಗೊಣಗಿದಾಗ ಸುಕೇಶ್ ಅವನನ್ನು ಮೇಲೆ ಕರೆದುಕೊಂಡು ಹೋದ.

ಸುಕೇಶ್ ಗೋಡೆ ಗಡಿಯಾರವನ್ನು ಕೆಳಗಿಳಿಸಿ ಏಳು ನಿಮಿಷ ಹಿಂದೆ ತಿರುಗಿಸಿದ. ನಾಣಿಯವರ ಕೈಯಿಂದ ವಾಚನ್ನೂ ಬಿಚ್ಚಿಸಿ ನಾಲ್ಕು ನಿಮಿಷ ಹಿಂದೆ ಮಾಡಿಸಿದ. ಗಡಿಯಾರವನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಅದರ ಕೆಳಗೆ ಏನೋ ಬರೆಯಲು ಹೇಳಿದ. ಪೇಂಟರಿಗೆ ಬರುತ್ತಿದ್ದದ್ದು ಮರಾಠಿ. ಅವನು ಚಿನ್ನದ ದುಂಡು ಅಕ್ಷರಗಳಲ್ಲಿ ‘ಹೇ ಘಡ್ಯಾಳ ಬರೋಬರ್ ಆಹೇ’ ಎಂದು ಬರೆದು, ಈ ಗಡಿಯಾರ ಸರಿಯಾಗಿದೆ ಎಂದು ಹೇಳುತ್ತಿರುವವರು ಯಾರೆಂದು ಕೇಳಿದ. ಸುಕೇಶ್ ಹೇಳಿದ. ಪೇಂಟರು ಕೆಳಗೊಂದು ಗೆರೆ ಎಳೆದು ‘ನಾಣಿ’ ಎಂದು ಸೇರಿಸಿದ. ಇನಿಷಿಯಲ್ಲುಗಳಿಗೆ ಜಾಗ ಸಾಲಲಿಲ್ಲ.

ಭಾನುವಾರ ಮತ್ತೆ ರೇಸು ನಡೆಯಿತು. ಕೊನೆಯಲ್ಲಿ ನಾಲ್ಕು ದೋಣಿಗಳು ಅರ್ಧ ನಿಮಿಷದೊಳಗೆ ಬಂದವು. ತೂಫಾನ್ ಪದ್ಮಿನಿಗಿಂತ ಒಂದು ಮಾರು ಮುಂದಿತ್ತು. ಪ್ರಫುಲ್ಲಾ ಕೊಟ್ಟ ಕಪ್ಪಿನ ತಳದಲ್ಲಿ ಬಾಡಿದ ಮಲ್ಲಿಗೆ ಇನ್ನೂ ಇತ್ತು. ಹಿತೇಶ್ ಭಾಯಿ ಅದನ್ನು ತೆಗೆಯದೆ ಹಾಗೇ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡ. ರೇಸಿನ ಬಗ್ಗೆ ಒಂದು ತಕರಾರೂ ಬರಲಿಲ್ಲ.

ಆದರೆ ನಾಣಿಯವರು ಹೊರಡುವಷ್ಟರಲ್ಲಿ ವಕೀಲರು, ಡಾಕ್ಟರು, ಸಿನಿಮಾ ನಿರ್ಮಾಪಕರು ಮೂವರೂ ಶಿವಡಿ ಸ್ಟೇಷನ್ನಿನಿಂದ ಬೆವರುತ್ತ ವಾಪಸು ಬಂದರು. ಕ್ಯಾಂಟೀನಿನ ಗಡಿಯಾರ ಏಳು ನಿಮಿಷ ಮುಂದಿದೆಯೆಂದು ನಂಬಿ, ಅದರ ಕೆಳಗಿನ ಬರಹ ಓದದೆ, ನಿಧಾನವಾಗಿ ಬೋಂಡಾ ತಿಂದು ಹೋದವರು ಐದು ಐವತ್ತೆರಡನ್ನು ಕಣ್ಣೆದುರೇ ಕಳೆದುಕೊಂಡಿದ್ದರು. ವಕೀಲರು ಮೂವರ ಪರವಾಗಿ ಹನ್ನೊಂದು ಕಾಲಮ್ಮುಗಳನ್ನೂ ತುಂಬಿದರು. ಯಾರ ವಿರುದ್ಧ ಎಂಬಲ್ಲಿ ತಲೆಯೆತ್ತಿ ಗಡಿಯಾರದ ಕೆಳಗಿನ ಚಿನ್ನದ ಹೆಸರನ್ನು ನೋಡಿ, ಒಂದಕ್ಷರ ತಪ್ಪದಂತೆ ಇಳಿಸಿಕೊಂಡರು.

ನಾಣಿಯವರು ಅರ್ಜಿಯನ್ನು ಎರಡು ಸಲ ಓದಿ, ಸಂತೋಷದಿಂದ ಸ್ಟಾಂಪು ಹಾಕಿದರು.